ಬಾವು ಇಳಿಸುವ ತುಳಜಾಬಾಯಿ

ಮುಂಡಗೋಡದ ಹತ್ತಿರದ ಇಂದೂರಿನ ಅಡಿವೆಯ್ಯನವರ ಮಗ ಅಜಯ ದವಾಖಾನೆಯ ಜೀಪಿಗೆ ಡ್ರೈವರನಾಗಿ ಸೇರಿದ ಹೊಸದರಲ್ಲಿ, ಅಲ್ಲಿಯ ನರ್ಸು ತುಳಜಾಬಾಯಿ ಮಂತ್ರ ಹಾಕುತ್ತಾಳೆಂದು ನಂಬಿದ್ದ. ಪಿಯುಸಿಯವರೆಗೆ ಓದಿದವ, ಅದೂ ಸೈನ್ಸು. ಈಗ ಇದನ್ನು ಬರೆಯುತ್ತಿರುವವನೂ ಅದೇ ಅಜಯ. ಆದರೆ ಆ ಹುಡುಗನನ್ನು ‘ನಾನು’ ಎನ್ನಲು ನಾಲಿಗೆ ಏಳದ ಕಾರಣ ಅವನನ್ನು ತುಸು ದೂರ ನಿಲ್ಲಿಸಿಯೇ ಹೇಳಬೇಕಾಗಿದೆ.

ತಪ್ಪು ಪೂರ್ತಿ ಅವನದಲ್ಲ, ಅರ್ಧ ಕಿಟಕಿಯದು. ಸನವಳ್ಳಿಯಿಂದ ತುಸು ಆಚೆ ಯಾವುದೋ ಟ್ರಸ್ಟಿನವರು ನಡೆಸುತ್ತಿದ್ದ ಸಣ್ಣ ದವಾಖಾನೆ ಅದು. ಜೀಪು ನಿಲ್ಲಿಸುವ ಜಾಗದಿಂದ ನೋಡಿದರೆ ಕಿಟಕಿಯೊಳಗೆ ಯಾರೋ ಹೆಂಗಸು ಅಂಗಾತ ಮಲಗಿರುತ್ತಿದ್ದಳು. ಅವಳ ಊದಿದ ಕಾಲು ದಿಂಬಿನ ಮೇಲೆ ದಿಂಬು ಪೇರಿಸಿದ ಗೋಪುರದ ತುದಿಯಲ್ಲಿರುತ್ತಿತ್ತು. ತುಳಜಾಬಾಯಿ ಮಣ್ಣಿನ ಗಡಿಗೆಯ ನೀರಲ್ಲಿ ಬಟ್ಟೆ ಅದ್ದಿ ಹಿಂಡಿ ಆ ಕಾಲಿಗೆ ಹಾಸುವಳು, ತೆಗೆಯುವಳು, ಮತ್ತೆ ಹಾಸುವಳು. ಹಾಸುವಾಗ ಅವಳ ತುಟಿ ಅಲುಗುತ್ತಿತ್ತು. ಅವಳದು ನಿಂತ ಮೇಲೆ ಮಲಗಿದವಳ ತುಟಿ ಅಲುಗುತ್ತಿತ್ತು. ಸೂಜಿ ಇಲ್ಲ, ಗುಳಿಗೆ ಇಲ್ಲ. ಕೆಲವು ದಿನ ಕಳೆದು ಅದೇ ಹೆಂಗಸು ತನ್ನ ಕಾಲ ಮೇಲೆ ತಾನು ನಡೆದು ಬಸ್ಸಿಗೆ ಹೋಗುವುದನ್ನು ಅಜಯ ಕಣ್ಣಾರೆ ನೋಡಿದ್ದ. ಇನ್ನೇನು ಬೇಕು.

ಚಳಿಗಾಲದ ಒಂದು ಬೆಳಿಗ್ಗೆ, ಇಂಜಿನ್ನು ಚಾಲೂ ಮಾಡಲು ಮೂತಿಗೆ ಹಾಕಿ ತಿರುಗಿಸುವ ಜೀಪಿನ ಹ್ಯಾಂಡಲ್ ಹಿಂದಕ್ಕೆ ತಿರುಗಿ ಹೊಡೆದು ಅವನ ಮಣಿಕಟ್ಟು ಬದನೆಕಾಯಿಯಾಯಿತು. ಡಾಕ್ಟರು ಒತ್ತಿ ನೋಡಿ, ಎಲುಬು ಗಟ್ಟಿ ಇದೆ, ತುಳಜಾಬಾಯಿಗೆ ತೋರಿಸು ಎಂದರು. ಅಜಯ ಮನೆಗೆ ಹೋಗಿ ತಲೆಗೆ ಸ್ನಾನ ಮಾಡಿ, ಏನೂ ತಿನ್ನದೆ, ತಟ್ಟೆಯಲ್ಲಿ ತೆಂಗಿನಕಾಯಿ, ಲಿಂಬೆಹಣ್ಣು, ಕರ್ಪೂರ, ಊದಿನಕಡ್ಡಿ ಇಟ್ಟುಕೊಂಡು, ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಬಂದ. ತುಳಜಾಬಾಯಿ ತಟ್ಟೆಯನ್ನೊಮ್ಮೆ ಅವನನ್ನೊಮ್ಮೆ ನೋಡಿ ಇದೇನೆಂದು ಕೇಳಿದಳು. ತಮ್ಮ ವಿದ್ಯೆಗೆ ಸಲ್ಲಬೇಕಾದದ್ದು ಎಂದ. ಅವಳು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದಳು.

“ಕಾಯಿ ಚಲೋ ಐತಿ. ಕೈ ಮ್ಯಾಲೆ ಎತ್ತು.”

ಎತ್ತಿದ. ಇರಲಿ ಎಂದು ಕಣ್ಣನ್ನೂ ಮುಚ್ಚಿದ. ಆಗ ಆ ಮಂತ್ರ ಹತ್ತಿರದಿಂದ ಕೇಳಿಸಿತು: ಹ್ಯಾಂಡಲ್ ಮುಟ್ಟಬೇಡ, ಕೈ ಎದೆಗಿಂತ ಮೇಲಿರಲಿ, ತಣ್ಣೀರ ಬಟ್ಟೆ ಇಟ್ಟು ತೆಗೆ, ಇಟ್ಟು ತೆಗೆ, ಬೆರಳು ಆಡಿಸುತ್ತಿರು, ಕೈಗೆ ಕಟ್ಟಿದ್ದೆಲ್ಲ ಬಿಚ್ಚು, ಬಿಸಿ ಎಣ್ಣೆ ಹಾಕಿ ತಿಕ್ಕಿಸಿಕೊಂಡರೆ ನನ್ನ ಮುಂದೆ ಬರಬೇಡ. ಮುಗಿಸಿ, ಈಗ ನೀ ಹೇಳು ಎಂದಳು. ಅಜಯನಿಗೆ ಹ್ಯಾಂಡಲ್ಲೂ ಎಣ್ಣೆಯೂ ನೆನಪಿದ್ದವು, ನಡುವಿನದೆಲ್ಲ ಹಾರಿಹೋಗಿತ್ತು. ಕಾಯಿ ಆ ಮಧ್ಯಾಹ್ನವೇ ಚಟ್ನಿಯಾಯಿತು, ಲಿಂಬೆ ಶರಬತ್ತಾಯಿತು. ಕರ್ಪೂರ ಮಾತ್ರ ಬಹಳ ದಿನ ಬಟ್ಟೆಯ ಬೀರುವಿನಲ್ಲಿ ಉಳಿದು, ಯಾರಾದರೂ ಬೀರು ತೆಗೆದಾಗಲೆಲ್ಲ ಅವನ ಮಾನ ದವಾಖಾನೆ ತುಂಬ ಘಮಘಮಿಸುತ್ತಿತ್ತು.

ತುಳಜಾಬಾಯಿ ಅದೇ ಸೀಮೆಯ ಲಂಬಾಣಿ ತಾಂಡಾದವಳು. ಅಪ್ಪ ಕಲ್ಲು ಒಡೆಯುತ್ತಿದ್ದ. ಮಗಳು ಹುಬ್ಬಳ್ಳಿಯಲ್ಲಿ ನರ್ಸಿಂಗು ಕಲಿತು, ದಾಂಡೇಲಿಗೆ ಲಗ್ನವಾಗಿ ಹೋಗಿ, ಒಂದು ದಿನ ಟ್ರಂಕು ಹಿಡಿದು ಒಬ್ಬಳೇ ಮರಳಿ ಬಂದಳು. ಇದರಾಚೆಗೆ ಯಾರಿಗೂ ಗೊತ್ತಿರಲಿಲ್ಲ. ತಾಂಡಾದ ಹೆಂಗಸರ ಮುಂಗೈಯಿಂದ ತೋಳಿನವರೆಗೆ ಬಿಳಿ ಬಳೆ. ಅದರಲ್ಲಿ ಮೊಣಕೈ ಮೇಲಿನವು ಮುತ್ತೈದೆಯ ಗುರುತು. ಲಗ್ನದಲ್ಲಿ ಏರಿದರೆ ಗಂಡ ಸತ್ತ ದಿನವೇ ಇಳಿಯಬೇಕು. ತುಳಜಾಬಾಯಿಯ ತೋಳು ಬರಿದು, ಮಣಿಕಟ್ಟಿಗೊಂದು ಗಡಿಯಾರ. ಗಂಡ ಸತ್ತವಳು ಎಂದು ಎಲ್ಲರೂ ತಿಳಿದುಕೊಂಡರು, ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಅವಳ ಒಂದು ವಿಚಿತ್ರವೆಂದರೆ, ಊರಿಗೆಲ್ಲ ಕುಳಿತುಕೊಳ್ಳಿ, ಕಾಲು ಚಾಚಿ, ಅಲುಗಾಡಬೇಡಿ ಎಂದು ಹೇಳುವವಳು ತಾನು ಮಾತ್ರ ಒಂದು ಗಳಿಗೆ ಕೂತವಳಲ್ಲ. ಊಟ ನಿಂತು. ಚಹಾ ನಡೆಯುತ್ತ. ಮಾತಾಡುವಾಗ ಒಂದು ಮಂಚದಿಂದ ಇನ್ನೊಂದಕ್ಕೆ ಹೋಗುತ್ತ ಬರುತ್ತ ಇರುತ್ತಿದ್ದಳು. ಅವಳ ಮಾತು ಪೂರ್ತಿ ಕೇಳಬೇಕಾದರೆ ಅಜಯನೂ ಹಿಂದೆ ಹಿಂದೆ ನಡೆಯಬೇಕಾಗುತ್ತಿತ್ತು.

ಡಾಕ್ಟರು ಬರೆದ ಗುಳಿಗೆಯ ತಂಟೆಗೆ ಅವಳು ಹೋಗುತ್ತಿರಲಿಲ್ಲ. ಗುಳಿಗೆಯಿಂದ ಆಗದ್ದು, ಗುಳಿಗೆ ಕೊಡಬಾರದವರದ್ದು ತನ್ನ ಪಾಲಿನದು ಎಂದುಕೊಂಡಿದ್ದಳು. ಅದಕ್ಕೊಂದು ಪದ್ಧತಿ ಇಟ್ಟಿದ್ದಳು. ಕಲಿತವರು ಮನೆಗೆ ಹೋಗುವ ಮೊದಲು ಹೊಸದಾಗಿ ಬಂದವರಿಗೆ ಕಲಿಸಿ ಹೋಗಬೇಕು. ಹಾಗೆ ಇಂದೂರಿನ ಕಾಶೆವ್ವ, ಮೊಣಕಾಲು ಹಿಡಿದುಕೊಂಡು ಅಳುತ್ತ ಬಂದವಳು, ಮುಂದೆ ಒಂದು ನೆವ ಹುಡುಕಿಕೊಂಡು ಪಾಠ ಹೇಳಲಿಕ್ಕೇ ಬರತೊಡಗಿದಳು. ಪಾಠಕ್ಕೆ ಒಂದು ಕಾಲು ಬೇಕಲ್ಲ, ಅದು ಡ್ರೈವರನ ಕಾಲು. ಬೆಂಚಿನ ಮೇಲೆ ಅಂಗಾತ ಮಲಗಿ, ಪ್ಯಾಂಟು ಮೊಣಕಾಲಿನವರೆಗೆ ಮಡಚಿ, ದಿಂಬಿನ ಗೋಪುರದ ಮೇಲೆ ಪಾದ ಇಟ್ಟುಕೊಂಡ ಅಜಯನನ್ನು ಸುತ್ತುವರಿದು ಹೆಂಗಸರು ನಿಲ್ಲುತ್ತಿದ್ದರು. ಈ ಹುಡುಗನ ಕಾಲು ಇಷ್ಟು ತೊಳೆದಿದ್ದನ್ನು ಹಡೆದವ್ವನೂ ನೋಡಿಲ್ಲ ಎಂದು ಕಾಶೆವ್ವ ಎಲ್ಲರಿಗೂ ತಿಳಿಸುತ್ತಿದ್ದಳು. ಹೊಸ ಬಾವಿಗೆ ತಣ್ಣನೆಯದು, ಹಳೆಯ ಬಿಗುವಿಗೆ ಬೆಚ್ಚನೆಯದು ಮತ್ತು ಮೆಲ್ಲಗೆ ಆಡಿಸುವುದು. ಇಷ್ಟೇ. ಕೊನೆಗೆ ಅಜಯನನ್ನೂ ಕೇಳುತ್ತಿದ್ದರು. ಅವನು ಪ್ರತಿ ಸಲ ತಣ್ಣನೆಯದನ್ನೂ ಬೆಚ್ಚನೆಯದನ್ನೂ ಅದಲುಬದಲು ಮಾಡಿ, ಅವರೆಲ್ಲರಿಗೆ ಆ ದಿನದ ನಗೆ ಒದಗಿಸುತ್ತಿದ್ದ.

ಮೊಬೈಲು ಇನ್ನೂ ಪೇಟೆಯವರ ಜೇಬಿನಿಂದ ಹೊರಗೆ ಬಂದಿರದ ಕಾಲ. ಭತ್ತದ ಸುಗ್ಗಿ ನಡೆದಿತ್ತು. ತಾಂಡಾದಿಂದ ಚಾಂದಿಬಾಯಿ ಬಂದಳು. ಬಣವೆಯಿಂದ ಜಾರಿ ಎಡಗೈ ಊರಿ ಬಿದ್ದಿದ್ದಳು. ನೆರೆಯವರು ಬಿಸಿ ಎಣ್ಣೆ ಹಾಕಿ, ಅಂಬಲಿ ತಿರುವಿದ ಹಾಗೆ ಆ ಕೈ ತಿರುವಿ, ಮೇಲೆ ಬಿಗಿಯಾಗಿ ಬಟ್ಟೆ ಬಿಗಿದು ಕಳಿಸಿದ್ದರು. ಮುಂಗೈ ಬಳೆ ಬಿದ್ದಾಗಲೇ ಒಡೆದಿದ್ದವು. ಕೈ ಬೆರಳಿನಿಂದ ಮೊಣಕೈಯಾಚೆಗೆ ಊದಿತ್ತು. ಮುಂಡಗೋಡದಲ್ಲಿ ತೆಗೆಸಿದ ಫೋಟೋದಲ್ಲಿ ಎಲುಬು ಮುರಿದಿರಲಿಲ್ಲ. ಆದರೆ ಕಿರಾಣಿ ಅಂಗಡಿಯಲ್ಲಿ ಬೆಲ್ಲದ ಜೊತೆ ಮಾರುವ ನೋವಿನ ಗುಳಿಗೆ ನುಂಗಿ ನುಂಗಿ ಹೋದ ವರ್ಷ ಅವಳು ರಕ್ತ ಕಾರಿಕೊಂಡಿದ್ದಳು. ಬಾವಿನ ಗುಳಿಗೆ ಇವಳಿಗೆ ಕೂಡದು ಎಂದು ಡಾಕ್ಟರು ದಪ್ಪ ಅಕ್ಷರದಲ್ಲಿ ಬರೆದು, ಕೈಯನ್ನು ತುಳಜಾಬಾಯಿಗೆ ಬಿಟ್ಟು, ತಮ್ಮ ಇನ್ನೊಂದು ದವಾಖಾನೆಗೆ ಹೋದರು.

ಕೈ ಎತ್ತಿ ಕಟ್ಟಬಹುದು, ತಣ್ಣೀರು ಹಾಕಬಹುದು. ಆದರೆ ಮೊಣಕೈ ಮೇಲಿನ ಬಿಳಿ ಬಳೆಗಳು ಮಾಂಸದಲ್ಲಿ ಹೂತುಹೋಗಿದ್ದವು. ಅವು ಇರುವವರೆಗೆ ಕೆಳಗಿನ ಬಾವು ಮೇಲೇರಿ ಹೋಗುವ ದಾರಿಯಿಲ್ಲ. ಇಲ್ಲಿ ತುಳಜಾಬಾಯಿ ಎಡವಿದಳು. ತನ್ನ ತಾಂಡಾದ ಹೆಂಗಸು ಎಂಬ ಸಲಿಗೆಯೋ, ಕೆಲಸದ ಅವಸರವೋ, ಒಂದು ಮಾತೂ ಕೇಳದೆ ಅಜಯನ ಕಡೆ ತಿರುಗಿ, ಜೀಪಿನ ಡಬ್ಬಿಯಲ್ಲಿ ಕಬ್ಬಿಣ ಕೊಯ್ಯುವ ಬ್ಲೇಡು ಇದೆಯಲ್ಲ, ತೊಳೆದು ತಾ ಎಂದಳು. ಅಜಯ ಬಲು ಹುರುಪಿನಿಂದ ತಂದ. ಬ್ಲೇಡು ಕಂಡದ್ದೇ ಚಾಂದಿಬಾಯಿ ಮಂಚದಿಂದ ಇಳಿದಳು, ಹೊಸ್ತಿಲು ದಾಟಿದಳು, ರಸ್ತೆ ಹಿಡಿದಳು.

ಜೀಪು ತಿರುಗಿಸಿಕೊಂಡು ಹುಡುಕಬೇಕಾಯಿತು. ಸೇತುವೆಯಾಚೆ ಹುಣಸೆ ಮರದ ಬುಡದಲ್ಲಿ ಕೂತಿದ್ದಳು. ಊದಿದ ಕೈಯನ್ನು ಬೇರೆ ಯಾರದೋ ಕೂಸಿನಂತೆ ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು. ತುಳಜಾಬಾಯಿ ‘ಯಾಡಿ’ ಎಂದು ಕರೆದಳು. ಅವರ ಮಾತಿನಲ್ಲಿ ತಾಯಿಯನ್ನು ಕರೆಯುವುದು ಹಾಗೆ. ಇಬ್ಬರೂ ಬಹಳ ಹೊತ್ತು ಮಾತಾಡಿದರು. ಅಜಯನಿಗೆ ಸೋಮಲಪ್ಪ ಎಂಬ ಹೆಸರೊಂದು ಬಿಟ್ಟರೆ ಏನೂ ತಿಳಿಯಲಿಲ್ಲ.

ಸೋಮಲಪ್ಪ ಚಾಂದಿಬಾಯಿಯ ಗಂಡ. ದಸರೆ ಮುಗಿಸಿ ಹಳಿಯಾಳದ ಕಡೆ ಕಬ್ಬು ಕಡಿಯಲು ಹೋದವನಿಂದ ಸುದ್ದಿ ಇರಲಿಲ್ಲ. ಅಲ್ಲಿ ಆಳು ತುಂಬಿದ ಟ್ರ್ಯಾಕ್ಟರು ಮಗುಚಿತಂತೆ, ಒಬ್ಬ ಸತ್ತನಂತೆ ಎಂಬ ಮಾತು ತಾಂಡಾಕ್ಕೆ ಬಂದಿತ್ತು; ಯಾರು ಎಂಬುದು ಬಂದಿರಲಿಲ್ಲ. ಅಂಥ ಹೊತ್ತಿನಲ್ಲಿ ಬಳೆ ಇಳಿಸು ಎಂದರೆ ಏನರ್ಥ? ಬದುಕಿದ್ದವನನ್ನು ತಾನೇ ಸಾಯಿಸಿದ ಹಾಗೆ, ಸತ್ತಿದ್ದರೆ ಹೌದು ಸತ್ತ ಎಂದು ಒಪ್ಪಿದ ಹಾಗೆ. ಎರಡಕ್ಕೂ ಅವಳು ತಯಾರಿರಲಿಲ್ಲ. ಅಜಯನಿಗೆ ಅರ್ಥವಾಗಲಿ ಎಂದು ಕೊನೆಯ ಮಾತನ್ನು ಕನ್ನಡದಲ್ಲೇ ಹೇಳಿದಳು.

“ಅಂವಾ ಎದುರಿಗೆ ನಿಂತು ತಗೀ ಅಂದ್ರ ತಗೀತೇನಿ. ಇಲ್ಲಾಂದ್ರ ಕೈ ಹೋದ್ರ ಹೋಗಲಿ, ಬಲಗೈ ಐತಿ.”

ಮರಳಿ ಕರೆತಂದು ಮಲಗಿಸಿದರು. ತುಳಜಾಬಾಯಿ ಸೀರೆಯ ತುಂಡಿನಲ್ಲಿ ಜೋಳಿಗೆ ಮಾಡಿ ಆ ಕೈಯನ್ನು ಜಂತಿಗೆ ಎತ್ತಿ ಕಟ್ಟಿದಳು. ಬೆರಳಿನ ಉಗುರು ಒತ್ತಿ ಬಿಟ್ಟಳು. ಬಿಳಿಚಿದ ಉಗುರಿಗೆ ಕೆಂಪು ಮರಳಿತು. ಹೀಗೆ ಮರಳುತ್ತಿರುವವರೆಗೆ ಕಾಯುತ್ತೇನೆ, ಮರಳದ ಗಳಿಗೆಗೆ ನಿನ್ನ ಮಾತೂ ಕೇಳುವುದಿಲ್ಲ, ದೇವರ ಮಾತೂ ಕೇಳುವುದಿಲ್ಲ, ಕೊಯ್ಯುತ್ತೇನೆ ಎಂದಳು. ಚಾಂದಿಬಾಯಿ ಗೋಡೆಯ ಕಡೆ ಮುಖ ತಿರುಗಿಸಿದಳು. ತುಳಜಾಬಾಯಿ ಬಾಗಿಲಿನಿಂದ ಬೀರುವಿಗೆ, ಬೀರುವಿನಿಂದ ಬಾಗಿಲಿಗೆ ತಿರುಗಾಡಿ ತಿರುಗಾಡಿ, ಒಮ್ಮೆಲೇ ನಿಂತಳು. ಅವಳು ನಿಂತಳೆಂದರೆ ಏನೋ ಕಾದಿದೆ ಎಂದು ಅಜಯನಿಗೆ ಗೊತ್ತಿತ್ತು.

“ಗುಳಿಗಿ ಬರಿಯೂದು ಡಾಕ್ಟರ ಕೆಲಸ. ನಾ ಬರಿಯೂದು ಇಷ್ಟ. ಸೋಮಲಪ್ಪನ್ನ ಕರ್ಕೊಂಡು ಬಾ.”

ಬೆಳಕು ಹರಿಯುತ್ತಲೇ ಜೀಪಿಗೆ ಹ್ಯಾಂಡಲ್ ಹೊಡೆಯುವಾಗ ಅವಳು ಹೊರಗೆ ಬಂದಳು. ಹಳಿಯಾಳದಲ್ಲಿ ಸಿಗದಿದ್ದರೆ ದಾಂಡೇಲಿಗೆ ಹೋಗು, ಅಂಬೇವಾಡಿಯಲ್ಲಿ ಕುಬೇರ ಎಂಬ ಮೇಸ್ತ್ರಿ ಇದ್ದಾನೆ, ನಮ್ಮ ಆಳು ಎಲ್ಲೆಲ್ಲಿ ಇದ್ದಾರೆಂದು ಅವನಿಗೆ ಗೊತ್ತಿರುತ್ತದೆ ಎಂದಳು. ಒಳಗೆ ಹೋಗುತ್ತ, ಬೆನ್ನು ಮಾಡಿಕೊಂಡೇ ಹೇಳಿದಳು:

“ನನ್ನ ಹೆಸರು ಹೇಳಬ್ಯಾಡ.”

ಕಲಘಟಗಿ ದಾರಿ ಹಿಡಿದು ಅಜಯ ಹಳಿಯಾಳ ಸೇರಿದ. ಕಬ್ಬಿನ ಗದ್ದೆಯಿಂದ ಗದ್ದೆಗೆ, ಗುಡಿಸಲಿನಿಂದ ಗುಡಿಸಲಿಗೆ ಅಲೆದ. ಎಲ್ಲ ಕಡೆ ಕಬ್ಬು ಕಡಿಯುವವರೇ, ಯಾರಿಗೂ ಕತ್ತೆತ್ತಿ ಮಾತಾಡಲು ಪುರಸೊತ್ತಿಲ್ಲ. ಸೋಮಲಪ್ಪ ಎಂದರೆ ಯಾವ ಸೋಮಲಪ್ಪ ಎನ್ನುತ್ತಿದ್ದರು. ಚಾಂದಿಬಾಯಿ ಹೇಳಿದಂತೆ ಮೀಸೆ ಇದ್ದವನು ಎಂದರೆ ನಗುತ್ತಿದ್ದರು. ತಾನು ಹುಡುಕುತ್ತಿರುವವನ ಮುಖವನ್ನೇ ನೋಡಿಲ್ಲ ಎಂಬುದು ಅಜಯನಿಗೆ ಹೊಳೆದದ್ದು ಆಗಲೇ. ಕಡೆಗೆ, ಸೋಗೆ ಹೊತ್ತು ನಿಂತಿದ್ದ ಗೋದುಬಾಯಿ ಎಂಬ ಮುದುಕಿ ಕರೆದು ಹೇಳಿದಳು. ಟ್ರ್ಯಾಕ್ಟರು ಮಗುಚಿದ್ದು ಖರೆ, ಒಬ್ಬ ಸತ್ತದ್ದೂ ಖರೆ. ಆ ಗುಂಪು ಅಂಜಿ ಚೆದುರಿಹೋಯಿತು. ಸತ್ತವನ ಹೆಸರು ಅವಳಿಗೆ ತಿಳಿಯದು. ಮೇಸ್ತ್ರಿಯನ್ನು ಕೇಳು ಎಂದಳು. ಯಾವ ಮೇಸ್ತ್ರಿ ಎಂದರೆ, ದಾಂಡೇಲಿಯ ಕುಬೇರ.

ದಾಂಡೇಲಿಯ ದಾರಿಯಲ್ಲಿ ಅಜಯ ಗೇರು ಬದಲಿಸುವುದನ್ನು ಮರೆತು ಇಂಜಿನ್ನಿನ ಬೈಗುಳ ಕೇಳಿದ. ಈ ಹೊತ್ತಿಗೆ ಉಗುರು ಒತ್ತಿ ನೋಡುತ್ತಿರಬಹುದು. ಕೆಂಪು ಮರಳಿತೋ ಇಲ್ಲವೋ. ಸತ್ತವನು ಸೋಮಲಪ್ಪನೇ ಆಗಿದ್ದರೆ? ಆಗಲೂ ಬಳೆ ಇಳಿಯುತ್ತದೆ, ಕೈ ಉಳಿಯುತ್ತದೆ, ದವಾಖಾನೆಯ ಲೆಕ್ಕದಲ್ಲಿ ಎಲ್ಲ ಸರಿಹೋಗುತ್ತದೆ. ಹಾಗೊಂದು ವಿಚಾರ ಬಂದದ್ದಕ್ಕೆ ಅವನಿಗೇ ಅಸಹ್ಯವಾಗಿ ಹಾರ್ನು ಬಾರಿಸಿದ. ಎದುರಿಗೆ ಒಂದು ದನವೂ ಇರಲಿಲ್ಲ.

ಅಂಬೇವಾಡಿಯಲ್ಲಿ ಕುಬೇರ ಅಂಗಳದಲ್ಲಿ ಸಣ್ಣ ಕನ್ನಡಿ ಇಟ್ಟುಕೊಂಡು ಗಡ್ಡ ಹೆರೆದುಕೊಳ್ಳುತ್ತಿದ್ದ. ನಲವತ್ತರ ಸುಮಾರಿನ ಗಟ್ಟಿ ಮನುಷ್ಯ. ಸೋಮಲಪ್ಪ ಗೀಮಲಪ್ಪ ಯಾರೂ ತನಗೆ ತಿಳಿಯದು ಎಂದ. ಟ್ರ್ಯಾಕ್ಟರು ಬಿದ್ದ ಮೇಲೆ ದಿನಾ ಯಾರಾದರೂ ಬಂದು ಕೇಳುತ್ತಾರೆ, ಕೇಳಿದ ಮೇಲೆ ಜಗಳ ತೆಗೆಯುತ್ತಾರೆ, ಹೋಗು ಹೋಗು ಎಂದ. ಅಜಯ ಊದಿದ ಕೈಯ ಕತೆ ಹೇಳಿದ, ಬಳೆಯ ಕತೆ ಹೇಳಿದ. ಕುಬೇರ ಕೆನ್ನೆ ತಿರುಗಿಸಿ ಇನ್ನೊಂದು ಬದಿ ಹೆರೆಯತೊಡಗಿದ. ಅಜಯನಿಗೆ ತಡೆಯಲಾಗಲಿಲ್ಲ. ಹೇಳಬೇಡ ಎಂದದ್ದನ್ನು ಹೇಳಿಯೇ ಬಿಡುವುದು ಅವನ ಹುಟ್ಟುಗುಣ.

“ತುಳಜಾಬಾಯಾರು ಕಳಿಸ್ಯಾರ್ರಿ.”

ಕುಬೇರನ ಕತ್ತಿ ಗದ್ದದ ಮೇಲೆ ನಿಂತಿತು. ಮೆಲ್ಲಗೆ ಅದನ್ನು ತೊಳೆದು, ಒರೆಸಿ, ಮಡಚಿಟ್ಟ. ಅರ್ಧ ಮುಖಕ್ಕೆ ಸಾಬೂನು ಹಾಗೇ ಇತ್ತು.

“ಆಕಿ ಈಗರೆ ಕುಂದರತಾಳೇನ?”

“ಇಲ್ರಿ,” ಎಂದ ಅಜಯ.

ಕುಬೇರ ಅಂಗಿ ತರಲು ಒಳಗೆ ಹೋದ. ಬಾಗಿಲು ಪೂರ್ತಿ ತೆರೆದಾಗ ಅದರ ಹಿಂದಿನ ಗೋಡೆ ಕಂಡಿತು. ಮೊಳೆಗೆ ಒಂದು ಸರ ಬಿಳಿ ಬಳೆ ತೂಗುತ್ತಿತ್ತು. ಮೊಣಕೈ ಮೇಲೆ ಹಾಕುವಂಥವು. ಧೂಳು ಕೂತಿರಲಿಲ್ಲ. ಮನೆಯೊಳಗೆ ಹೆಂಗಸಿನ ಸುಳಿವು ಬೇರೇನೂ ಇರಲಿಲ್ಲ. ಅಜಯ ನೋಡುತ್ತಿರುವುದನ್ನು ಕುಬೇರ ನೋಡಿದ.

“ತಗದು ನನ್ನ ಕೈಯಾಗ ಕೊಟ್ಟು ಹೋದ್ಲು,” ಎಂದ. “ಎಲ್ಲಿ ಇಡಬೇಕು ಅಂತ ಹೇಳಿ ಹೋಗಲಿಲ್ಲ.”

ಆಮೇಲೆ ಕೇಳಿದ್ದಕ್ಕೆಲ್ಲ ಉತ್ತರ ಸಿಕ್ಕಿತು. ಸತ್ತವನು ಬೇರೆ ಸೀಮೆಯವನು. ಸೋಮಲಪ್ಪ ಜೀವಂತ ಇದ್ದಾನೆ. ಟ್ರ್ಯಾಕ್ಟರಿನಿಂದ ಹಾರಿ ಕಾಲು ಉಳುಕಿಸಿಕೊಂಡು, ಜೊತೆಯವರ ಬೆನ್ನು ಹತ್ತಿ ಜೋಯಿಡಾ ರಸ್ತೆಯ ಜಲ್ಲಿ ಕೆಲಸಕ್ಕೆ ಹೋಗಿದ್ದಾನೆ. ಯಾವ ತಿರುವಿನಲ್ಲಿ ತಾಡಪಾಲು ಕಟ್ಟಿದ್ದಾರೆಂಬುದನ್ನು ಕುಬೇರ ನೆಲದ ಮೇಲೆ ಗೆರೆ ಎಳೆದು ತೋರಿಸಿದ. ಹೊರಡುವಾಗ ಜೀಪಿನ ಬಾಗಿಲು ಹಿಡಿದು ಏನೋ ಹೇಳಹೊರಟು, ಬಿಟ್ಟು, ಡಿಸೇಲು ಇದೆಯೇ ಎಂದಷ್ಟೇ ಕೇಳಿದ.

ಜೋಯಿಡಾ ರಸ್ತೆಯ ಆ ತಿರುವಿನಲ್ಲಿ ತಾಡಪಾಲಿನ ಕೆಳಗೆ ಮೀಸೆಯವನೊಬ್ಬ ಊದಿದ ಕಾಲು ಚಾಚಿ ಕೂತಿದ್ದ. ಒಲೆಯ ಮೇಲೆ ಎಣ್ಣೆ ಕಾಯುತ್ತಿತ್ತು. ಒಬ್ಬ ಮುದುಕ ಅಂಗೈ ಉಜ್ಜಿಕೊಂಡು ಇನ್ನೇನು ತಿಕ್ಕಬೇಕು, ಅಜಯ ಜೀಪಿನಿಂದ ಜಿಗಿದು ತಡೆದ. ತಡೆದ ಮೇಲೆ ಏನಾದರೂ ಹೇಳಬೇಕಲ್ಲ. ಬಾಯಿ ತೆರೆದ, ತಾನಾಗಿಯೇ ಬಂತು. ತಿಕ್ಕಬೇಡಿ. ಬಿಸಿ ಬೇಡ, ಇದು ಇನ್ನೂ ಹೊಸ ಬಾವೇ, ತಣ್ಣೀರ ಬಟ್ಟೆ ಇಟ್ಟು ತೆಗೆಯಿರಿ. ಕಟ್ಟಿದ ಹಗ್ಗ ಬಿಚ್ಚಿರಿ. ಕಾಲು ಎದೆಗಿಂತ ಮೇಲಿರಲಿ, ಬೆರಳು ಆಡಿಸುತ್ತಿರಲಿ. ತಣ್ಣನೆಯದು ತಣ್ಣನೆಯದರ ಜಾಗದಲ್ಲಿ, ಬೆಚ್ಚನೆಯದು ಬೆಚ್ಚನೆಯದರ ಜಾಗದಲ್ಲಿ. ಜನ್ಮದಲ್ಲಿ ಮೊದಲ ಸಲ ತಪ್ಪಿಲ್ಲದೆ ಒಪ್ಪಿಸಿದ್ದ, ಮತ್ತು ಕೇಳಲು ಕಾಶೆವ್ವ ಇರಲಿಲ್ಲ. ಮುದುಕ ಎಣ್ಣೆಯ ಬಟ್ಟಲು ಹಿಡಿದು, ಈ ಹುಡುಗನಿಗೆ ಯಾವ ದೇವರು ಬಂದಿದೆ ಎಂಬಂತೆ ನೋಡುತ್ತಿದ್ದ.

ಹೆಂಡತಿಯ ಸುದ್ದಿ ಕೇಳಿದ್ದೇ ಸೋಮಲಪ್ಪ ಒಂಟಿಗಾಲಲ್ಲಿ ಏಳಹೊರಟ. ಸುದ್ದಿ ಯಾಕೆ ಕಳಿಸಲಿಲ್ಲ ಎಂದರೆ, ಕಾಲು ಹೋಗಿದೆ ಎಂದು ಕಳಿಸಿದರೆ ಅವಳು ಸುಗ್ಗಿ ಬಿಟ್ಟು ಬರುತ್ತಾಳೆ, ಇಳಿದ ಮೇಲೆ ಕಳಿಸೋಣವೆಂದು ಕಾದೆ, ಇಳಿಯಲಿಲ್ಲ ಎಂದ. ಇಬ್ಬರು ಹಿಡಿದು ಅವನನ್ನು ಜೀಪಿಗೆ ಏರಿಸಿದರು. ಅಜಯ ಹಳ್ಳದ ನೀರಲ್ಲಿ ಟವೆಲು ಅದ್ದಿ ಅವನ ಕಾಲಿಗೆ ಸುತ್ತಿ, ಆ ಕಾಲನ್ನು ಎದುರಿನ ಗಾಜಿನ ಬುಡಕ್ಕೆ ಎತ್ತಿ ಇರಿಸಿದ. ಜೋಯಿಡಾದಿಂದ ದಾಂಡೇಲಿ, ದಾಂಡೇಲಿಯಿಂದ ಹಳಿಯಾಳ, ಅಲ್ಲಿಂದ ಸನವಳ್ಳಿ, ಎದುರಿಗೆ ಬಂದ ಪ್ರತಿ ಲಾರಿಯವನೂ ಮೊದಲು ಒಂದು ಪಾದ ನೋಡಿ ಆಮೇಲೆ ಡ್ರೈವರನನ್ನು ನೋಡಿದ. ಟವೆಲು ಒಣಗಿದಲ್ಲೆಲ್ಲ ನಿಲ್ಲಿಸಬೇಕು, ನಿಲ್ಲಿಸಿದಲ್ಲೆಲ್ಲ ಇಂಜಿನ್ನು ಮುನಿಯಬೇಕು. ಹೊತ್ತು ಇಳಿಯಿತು ಎನ್ನುವಷ್ಟರಲ್ಲಿ ಹುಣಸೆ ಮರ ಕಂಡಿತು.

ತುಳಜಾಬಾಯಿ ಗೇಟಿನ ಆಚೆ ಈಚೆ ತಿರುಗಾಡುತ್ತಿದ್ದಳು. ಉಗುರಿಗೆ ಕೆಂಪು ಮಧ್ಯಾಹ್ನದಿಂದ ತಡವಾಗಿ ಮರಳುತ್ತಿತ್ತು. ಒಳಗೆ ತಟ್ಟೆಯಲ್ಲಿ ಬ್ಲೇಡು ಕುದಿಸಿ ಇಟ್ಟಿದ್ದಳು. ಸೂರ್ಯ ಮುಳುಗುವವರೆಗೆ ಎಂದು ತನಗೆ ತಾನೇ ಗಡುವು ಹಾಕಿಕೊಂಡಿದ್ದಳು. ಜೀಪಿನ ಗಾಜಿನಲ್ಲಿ ಪಾದ ಕಂಡು, ಕಣ್ಣು ಕಿರಿದು ಮಾಡಿ ನೋಡಿದಳು. ಯಾರು ಹೇಳಿಕೊಟ್ಟರು ಎಂದು ಕೇಳಲಿಲ್ಲ. ತುಸು ಇನ್ನೂ ಮೇಲಿರಬೇಕಿತ್ತು ಎಂದಳು.

ಸೋಮಲಪ್ಪ ಅಜಯನ ಹೆಗಲು ಹಿಡಿದು ಒಂಟಿಗಾಲಲ್ಲಿ ಕುಂಟುತ್ತ ಒಳಗೆ ಹೋದ. ಚಾಂದಿಬಾಯಿ ನೋಡಿದಳು. ಅಳಲಿಲ್ಲ.

“ಕಾಲಿಗೇನಾತು?”

ಅವನು ಹೇಳಿದ. ಆಮೇಲೆ ಅವಳು ತಮ್ಮ ಮಾತಿನಲ್ಲಿ ಬೈಯಲು ಶುರುಮಾಡಿದಳು. ಭಾಷೆ ಬಾರದ ಅಜಯನಿಗೂ ಅದರಲ್ಲಿ ಒಂದಕ್ಷರ ಬಿಡದೆ ತಿಳಿಯಿತು. ಬೈಗುಳ ನಡೆದಿರುವಾಗಲೇ ತುಳಜಾಬಾಯಿ ಆ ಕೈಗೆ ಬೆರಳಿನಿಂದ ಮೇಲಕ್ಕೆ ಪಟ್ಟಿ ಸುತ್ತಿ, ಎತ್ತಿ ಹಿಡಿದು, ಬಾವನ್ನು ತುಸು ಹಿಂಡಿದಂತೆ ಮಾಡಿ, ಬಿಚ್ಚಿ ಸಾಬೂನು ನೀರು ಹಚ್ಚಿದಳು. ಬಳೆಗೆ ತಾನು ಕೈ ಹಚ್ಚಲಿಲ್ಲ. ಸೋಮಲಪ್ಪನಿಗೆ ಕಣ್ಸನ್ನೆ ಮಾಡಿದಳು. ಅವನು ಹೆಂಡತಿಯ ಮುಖ ನೋಡುತ್ತ ತಗೀ ಎಂದ. ನೀನೇ ತಗೀ ಎಂದಳು. ಒಂದೊಂದಾಗಿ ಇಳಿಸಿದ. ತೀರ ಮೇಲಿನವು ಬರಲಿಲ್ಲ. ಆಗ ಅವನೇ ಬ್ಲೇಡು ಕೇಳಿ ಇಸಿದುಕೊಂಡು, ಬಳೆಯ ಕೆಳಗೆ ತೆಳ್ಳನೆಯ ಚಮಚ ತೂರಿಸಿ, ಚರ್ಮಕ್ಕೆ ತಾಗದಂತೆ ಕೊಯ್ದ. ಕೊಯ್ಯುವಾಗ ಚಾಂದಿಬಾಯಿ ಬಳೆಯ ಕಡೆ ನೋಡಲಿಲ್ಲ, ಅವನ ಎದೆ ಏರುವುದನ್ನೂ ಇಳಿಯುವುದನ್ನೂ ನೋಡುತ್ತಿದ್ದಳು. ಕೊನೆಯ ಬಳೆ ಬಿದ್ದಾಗ ಅದು ಇನ್ನೂ ಏರಿ ಇಳಿಯುತ್ತಲೇ ಇತ್ತು.

ಇಳಿಸಿದ್ದನ್ನು ಇಡುವುದೆಲ್ಲಿ ಎಂಬುದೊಂದು ಉಳಿಯಿತು. ನೆಲಕ್ಕೆ ಇಡಬಾರದು ಎಂದಳು ಚಾಂದಿಬಾಯಿ. ಮೊಳೆಗೆ ತೂಗಲೇ ಎಂದು ಅಜಯ ಕೇಳಿದ. ತುಳಜಾಬಾಯಿ ಅವನನ್ನು ಒಮ್ಮೆ ದಿಟ್ಟಿಸಿದಳು. ಸೋಮಲಪ್ಪ, ಬಾವು ಇಳಿಯುವವರೆಗೆ ಇಲ್ಲಿರಲಿ ಎಂದು ಇಡಿಯಾಗಿ ಉಳಿದವನ್ನು ತನ್ನ ಮುಂಗೈಗೇ ಏರಿಸಿಕೊಂಡ. ಪಕ್ಕಪಕ್ಕದ ಮಂಚದಲ್ಲಿ ಇಬ್ಬರೂ ಮಲಗಿದರು. ಇವಳ ಕೈ ಜೋಳಿಗೆಯಲ್ಲಿ, ಅವನ ಕಾಲು ಗೋಪುರದ ಮೇಲೆ, ಮೀಸೆಯ ಗಂಡಸಿನ ಕೈಯಲ್ಲಿ ಬಿಳಿ ಬಳೆ. ನೋಡಲು ಬಂದ ಕಾಶೆವ್ವ ಬಾಯಿಗೆ ಸೆರಗು ಒತ್ತಿಕೊಂಡು ಹೊರಗೆ ಹೋಗಿ ನಕ್ಕು ಬಂದಳು. ಬೆಳಗಾಗುವಷ್ಟರಲ್ಲಿ ಉಗುರಿನ ಕೆಂಪು ಒತ್ತಿದ ಕೂಡಲೇ ಮರಳತೊಡಗಿತ್ತು.

ಆ ಬೆಳಿಗ್ಗೆ ತುಳಜಾಬಾಯಿ ಹಿತ್ತಲ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದಳು, ನಿಂತುಕೊಂಡೇ. ಅಜಯ ನೀರು ಸೇದಿ ಕೊಡುತ್ತಿದ್ದ. ಅಂಬೇವಾಡಿಯಲ್ಲಿ ಅವಳ ಹೆಸರು ಹೇಳಿದ್ದನ್ನು ಒಪ್ಪಿಕೊಂಡ. ಹೇಳುತ್ತಿ ಎಂದು ಗೊತ್ತಿತ್ತು ಎಂದಳು. ಬಾಗಿಲ ಹಿಂದಿನ ಮೊಳೆಯ ಮಾತು ಹೇಳಿದ. ಅವಳು ಬಟ್ಟೆಯನ್ನು ಕಲ್ಲಿಗೆ ಒಗೆದಳು. ಧೂಳು ಕೂತಿರಲಿಲ್ಲ ಎಂದ. ಇನ್ನೊಮ್ಮೆ ಒಗೆದಳು. ಇಲ್ಲಿಗೆ ಸುಮ್ಮನಾಗಿದ್ದರೆ ಅವನು ಅಜಯ ಹೇಗಾದಾನು. ನಿನ್ನೆಯಿಂದ ತಲೆಯಲ್ಲಿ ಕೊರೆಯುತ್ತಿದ್ದದ್ದನ್ನು ಕೇಳಿಯೇ ಬಿಟ್ಟ.

“ಅಲ್ರಿ ಬಾಯಾರ, ನೀವು ಬಳಿ ತಗದೀರಿ, ನಿಮ್ಮ ಮನಿಯವ್ರು ಗುಂಡಕಲ್ಲಿನಂಗ ಗಟ್ಟಿ ಅದಾರ. ಮೊದಲನೇ ದಿನಾನ ಚಾಂದಿಬಾಯಿಗೆ ಇದನ್ನ ಹೇಳಿದ್ರ ಮುಗೀತಿತ್ತಲ್ರಿ. ಯಾಕ ಹೇಳಲಿಲ್ಲ?”

ತುಳಜಾಬಾಯಿ ಬಟ್ಟೆಯ ಒಂದು ತುದಿಯನ್ನು ಹಿಂಡಲು ಅವನ ಕೈಗೆ ಕೊಟ್ಟಳು.

“ನಾ ಗಂಡನ್ನ ಬಿಟ್ಟಾಕಿ. ನನ್ನ ನೋಡಿ ಯಾವಾಕಿ ಬಳಿ ತಗೀತಾಳ? ಹಿಂಡು.”